ಉಪ್ಪು ಮರಳಲ್ಲಿ ಬೆರೆತರೆ ಬೇರೆ ಮಾಡುವುದು ಹೇಗೆ?

ಶುಕ್ರವಾರ ಸಂಜೆ ಅಣ್ಣನ ಮಗಳು ಸ್ಕೂಲ್ ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದು ನನ್ನ ಮುಂದೆ ಇಟ್ಟಳು. ಅವಳು ಆರನೇ ಕ್ಲಾಸು. ಡಬ್ಬಿಯಲ್ಲಿ 50 ಗ್ರಾಂ ಉಪ್ಪು, 50 ಗ್ರಾಂ ಮರಳು. ಎರಡನ್ನೂ ಚೆನ್ನಾಗಿ ಕಲಸಿ ಕೊಟ್ಟಿದ್ದರು.

"ಚಿಕ್ಕಪ್ಪಾ, ಸೋಮವಾರ ಇದನ್ನ ಬೇರೆ ಬೇರೆ ಪೊಟ್ಟಣದಲ್ಲಿ ತಗೊಂಡು ಹೋಗ್ಬೇಕು. ತೂಕಾನೂ ಬರೀಬೇಕಂತೆ."

"ಅಷ್ಟೇನಾ? ನೀರಿಗೆ ಹಾಕು, ಸೋಸು, ಕಾಯಿಸು" ಅಂದೆ. ಶಾಲೆಗೆ ಹೋದವರೆಲ್ಲ ಹೇಳುವ ಉತ್ತರ ಇದು. ಉತ್ತರ ಸರಿಯಾಗಿಯೇ ಇದೆ. ಆದರೆ ಮಾಡಲು ಕೂತ ಮೇಲೆ ಒಂದೊಂದೇ ಪ್ರಶ್ನೆ ಬಂತು. ಎಷ್ಟು ನೀರು ಹಾಕಬೇಕು? ಬಿಸಿನೀರೋ ತಣ್ಣೀರೋ? ಸೋಸಿದ ಮೇಲೂ ಮರಳು ಒದ್ದೆ ಇರುತ್ತದಲ್ಲ, ಆ ಒದ್ದೆಯಲ್ಲಿ ಉಪ್ಪಿಲ್ಲವೇ? ಉಪ್ಪೆಲ್ಲ ಬಂತು ಅಂತ ಹೇಗೆ ಗೊತ್ತಾಗುತ್ತದೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾ ನಮ್ಮ ಶನಿವಾರ, ಭಾನುವಾರ ಎರಡೂ ಕಳೆದವು.

ಚುರುಮುರಿಯೋ ಮೊಸರೋ?

ಮೊದಲು ಮಿಶ್ರಣ ಅಂದರೆ ಏನು ಅಂತ ನೋಡೋಣ. ಚುರುಮುರಿಯಲ್ಲಿ ಮಂಡಕ್ಕಿ, ಈರುಳ್ಳಿ, ಕಡಲೆಬೀಜ ಇರುತ್ತವೆ. ಎಷ್ಟೇ ಕಲಸಿದರೂ ಕಡಲೆಬೀಜ ಕಡಲೆಬೀಜವಾಗಿಯೇ ಉಳಿಯುತ್ತದೆ. ತಾಳ್ಮೆ ಇದ್ದರೆ ಒಂದೊಂದಾಗಿ ಆರಿಸಿ ತೆಗೆಯಬಹುದು. ಇದು ಮಿಶ್ರಣ. ಹಾಲಿಗೆ ಹೆಪ್ಪು ಹಾಕಿ ಮೊಸರಾದರೆ ಆ ಕಥೆ ಬೇರೆ. ಅಲ್ಲಿ ವಸ್ತುವೇ ಬದಲಾಗಿರುತ್ತದೆ, ಮೊಸರನ್ನು ಮತ್ತೆ ಹಾಲು ಮಾಡಲು ಆಗುವುದಿಲ್ಲ.

ಉಪ್ಪು ಮತ್ತು ಮರಳು ಚುರುಮುರಿಯ ಜಾತಿ. ಎರಡೂ ಪಕ್ಕಪಕ್ಕ ಕೂತಿವೆ, ಒಂದಾಗಿಲ್ಲ. ಹಾಗಾಗಿ ಬೇರೆ ಮಾಡಬಹುದು. ಅದಕ್ಕೆ ಎರಡರ ನಡುವೆ ಇರುವ ಒಂದು ವ್ಯತ್ಯಾಸ ಹಿಡಿಯಬೇಕು, ಅಷ್ಟೇ.

ನಮ್ಮ ಅಡುಗೆಮನೆಗೆ ಇದು ಹೊಸದೇನಲ್ಲ. ಮೊರದಲ್ಲಿ ಕೇರುವಾಗ ಹಿಡಿಯುವುದು ಭಾರದ ವ್ಯತ್ಯಾಸ. ಹೊಟ್ಟು ಹಗುರ, ಹಾರಿಹೋಗುತ್ತದೆ. ಜರಡಿ ಹಿಡಿಯುವಾಗ ಗಾತ್ರದ ವ್ಯತ್ಯಾಸ. ಬೇಳೆ ಆರಿಸುವಾಗ ಕಣ್ಣಿಗೆ ಕಾಣುವ ವ್ಯತ್ಯಾಸ. ಅಕ್ಕಿ ಜಾಲಿಸುವಾಗ ನೀರಲ್ಲಿ ಯಾವುದು ಬೇಗ ತಳಕ್ಕೆ ಹೋಗುತ್ತದೆ ಅನ್ನುವ ವ್ಯತ್ಯಾಸ. ಕಲ್ಲು ತಳ ಸೇರುತ್ತದೆ, ಅಕ್ಕಿ ನೀರಿನ ಜೊತೆ ಮೇಲಿನಿಂದ ಇನ್ನೊಂದು ಪಾತ್ರೆಗೆ ಹೋಗುತ್ತದೆ.

ಮೊದಲು ಸೋತ ಉಪಾಯಗಳು

ಹುಡುಗಿ ನನ್ನ ಮಾತು ಕೇಳದೆ ಮೊದಲು ಹಿಟ್ಟಿನ ಜರಡಿ ತಂದಳು. ಒಳ್ಳೆಯದೇ ಆಯಿತು. ಅವರು ಕೊಟ್ಟಿದ್ದು ಕಲ್ಲುಪ್ಪಾಗಿದ್ದರೆ ಜರಡಿಯಲ್ಲೇ ಅರ್ಧ ಕೆಲಸ ಮುಗಿಯುತ್ತಿತ್ತು. ಕೊಟ್ಟಿದ್ದು ಪುಡಿ ಉಪ್ಪು. ಅದರ ಹರಳೂ ಮರಳಿನ ಕಾಳೂ ಹೆಚ್ಚುಕಡಿಮೆ ಒಂದೇ ಗಾತ್ರ. ಎರಡೂ ಒಟ್ಟಿಗೆ ಕೆಳಗೆ ಬಿದ್ದವು.

ಮೊರದಲ್ಲೂ ಅದೇ ಗತಿ. ಒಂದೇ ಅಳತೆಯ ನೀರು 1 ಗ್ರಾಂ ತೂಗಿದರೆ ಉಪ್ಪು ಸುಮಾರು 2.16 ಗ್ರಾಂ, ಮರಳು ಸುಮಾರು 2.65 ಗ್ರಾಂ ತೂಗುತ್ತದೆ. ವ್ಯತ್ಯಾಸ ಇದೆ. ಆದರೆ ಕೇರಿ ಹಾರಿಸುವಷ್ಟು ಇಲ್ಲ.

ಫ್ರಿಜ್ಜಿನ ಮೇಲಿದ್ದ ಮ್ಯಾಗ್ನೆಟ್ ಕೂಡ ಬಂತು. ಅದಕ್ಕೆ ಹತ್ತಿಪ್ಪತ್ತು ಕಪ್ಪು ಕಾಳು ಅಂಟಿದವು. ಅವಳಿಗೆ ಭಾರಿ ಖುಷಿ. ಅವು ಮರಳಲ್ಲಿದ್ದ ಕಬ್ಬಿಣದ ಅಂಶದ ಕಾಳುಗಳು. ಸಮುದ್ರದ ಮರಳಲ್ಲಿ ಇಂಥವು ಜಾಸ್ತಿ ಸಿಗುತ್ತವೆ. ನೋಡಲು ಚೆನ್ನಾಗಿತ್ತು, ನಮ್ಮ ಕೆಲಸಕ್ಕೆ ಬರಲಿಲ್ಲ.

ಕಾಯಿಸಿ ಕರಗಿಸಬಹುದಲ್ಲ ಅಂತ ಕೇಳಿದಳು. ಉಪ್ಪು ಕರಗಿ ದ್ರವವಾಗಲು 801 ಡಿಗ್ರಿ ಸೆಲ್ಸಿಯಸ್ ಬೇಕು. ಮರಳಿಗೆ ಅದರ ಎರಡರಷ್ಟಕ್ಕೂ ಜಾಸ್ತಿ. ಗ್ಯಾಸ್ ಸ್ಟೌವ್ ಮೇಲೆ ಇಟ್ಟ ಬಾಣಲೆಯಲ್ಲಿ ಇದು ಆಗುವ ಮಾತಲ್ಲ.

ಹಾಗಾದರೆ ಉಳಿದದ್ದು ಒಂದೇ ವ್ಯತ್ಯಾಸ. ಉಪ್ಪು ನೀರಲ್ಲಿ ಕರಗುತ್ತದೆ, ಮರಳು ಕರಗುವುದಿಲ್ಲ.

ನೀರು ಉಪ್ಪನ್ನು ಏನು ಮಾಡುತ್ತದೆ?

ಇದನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ಯಾಕೆ ಅಂತ ಕೇಳಿದವರು ಕಡಿಮೆ.

ಉಪ್ಪಿನ ಒಂದು ಹರಳು ಅಂದರೆ ಸೋಡಿಯಂ ಮತ್ತು ಕ್ಲೋರಿನ್‌ನ ಕೋಟಿಕೋಟಿ ಕಣಗಳು ಚದುರಂಗದ ಮನೆಗಳ ಹಾಗೆ ಒಂದು ಬಿಟ್ಟು ಒಂದರಂತೆ ಜೋಡಿಸಿಕೊಂಡಿರುವುದು. ಸೋಡಿಯಂ ಕಣಕ್ಕೆ ಪ್ಲಸ್ ವಿದ್ಯುತ್ ಗುಣ, ಕ್ಲೋರಿನ್ ಕಣಕ್ಕೆ ಮೈನಸ್. ಪ್ಲಸ್ಸು ಮೈನಸ್ಸು ಎಳೆದುಕೊಂಡು ನಿಂತಿರುತ್ತವೆ. ಇಂಥ ಕಣಕ್ಕೆ ಅಯಾನು ಅನ್ನುತ್ತಾರೆ.

ನೀರಿನ ಅಣುವಿನಲ್ಲಿ ಒಂದು ಆಕ್ಸಿಜನ್, ಎರಡು ಹೈಡ್ರೋಜನ್. ಅದರ ಆಕ್ಸಿಜನ್ ಕಡೆಗೆ ಸ್ವಲ್ಪ ಮೈನಸ್ ಗುಣ, ಹೈಡ್ರೋಜನ್ ಕಡೆಗೆ ಸ್ವಲ್ಪ ಪ್ಲಸ್. ಉಪ್ಪು ನೀರಿಗೆ ಬಿದ್ದ ಕೂಡಲೇ ನೀರಿನ ಅಣುಗಳು ಅದನ್ನು ಮುತ್ತಿಕೊಳ್ಳುತ್ತವೆ. ಅಂಚಿನಲ್ಲಿರುವ ಸೋಡಿಯಂ ಕಡೆಗೆ ತಮ್ಮ ಮೈನಸ್ ಬದಿ ತಿರುಗಿಸಿ ಎಳೆಯುತ್ತವೆ, ಕ್ಲೋರಿನ್ ಕಡೆಗೆ ಪ್ಲಸ್ ಬದಿ. ಕೈಕೈ ಹಿಡಿದು ಜಾತ್ರೆಗೆ ಹೋದ ಮಕ್ಕಳ ಸಾಲು ನೆನಪಿಸಿಕೊಳ್ಳಿ. ನಾಲ್ಕೂ ಕಡೆಯಿಂದ ನೆಂಟರು ಮುತ್ತಿಕೊಂಡು ತುದಿಯಲ್ಲಿದ್ದ ಮಗುವನ್ನು ಎತ್ತಿಕೊಂಡರು. ಆಮೇಲೆ ಪಕ್ಕದ ಮಗುವನ್ನು. ಸ್ವಲ್ಪ ಹೊತ್ತಿಗೆ ಸಾಲೇ ಇರುವುದಿಲ್ಲ. ಮಕ್ಕಳೆಲ್ಲ ಜಾತ್ರೆಯಲ್ಲೇ ಇದ್ದಾರೆ, ಒಬ್ಬೊಬ್ಬರು ಒಂದೊಂದು ಕಂಕುಳಲ್ಲಿ.

ಕರಗುವುದು ಅಂದರೆ ಹೀಗೆ. ಉಪ್ಪು ಮಾಯವಾಗಿಲ್ಲ. 100 ಗ್ರಾಂ ನೀರಿಗೆ 10 ಗ್ರಾಂ ಉಪ್ಪು ಹಾಕಿ ತೂಗಿದರೆ 110 ಗ್ರಾಂ ಬರುತ್ತದೆ.

ಮರಳು ಹೆಚ್ಚಾಗಿ ಸಿಲಿಕಾ. ಅಂದರೆ ಸಿಲಿಕಾನ್ ಮತ್ತು ಆಕ್ಸಿಜನ್. ಇಲ್ಲಿ ಕಣಗಳು ಕೈ ಹಿಡಿದು ನಿಂತಿಲ್ಲ, ಸಿಮೆಂಟಿನ ಗೋಡೆಯ ಇಟ್ಟಿಗೆಗಳ ಹಾಗೆ ನಾಲ್ಕೂ ದಿಕ್ಕಿಗೆ ಬೆಸೆದುಕೊಂಡಿವೆ. ನೀರಿನ ಅಣು ಎಷ್ಟು ಎಳೆದರೂ ಅಲುಗುವುದಿಲ್ಲ. ಅದಕ್ಕೇ ತಲೆತಲಾಂತರದಿಂದ ನದಿ ಹರಿದರೂ ಅದರ ತಳದಲ್ಲಿ ಮರಳು ಉಳಿದಿದೆ.

ಎಷ್ಟು ನೀರು? ಬಿಸಿ ಬೇಕೇ?

ನೀರಿಗೂ ಒಂದು ಮಿತಿ ಇದೆ. ನೆಂಟರ ಕಂಕುಳೆಲ್ಲ ತುಂಬಿದ ಮೇಲೆ ಉಳಿದ ಮಕ್ಕಳನ್ನು ಎತ್ತಿಕೊಳ್ಳುವವರಿಲ್ಲ. 25 ಡಿಗ್ರಿಯ 100 ಮಿ.ಲೀ. ನೀರಲ್ಲಿ ಸುಮಾರು 36 ಗ್ರಾಂ ಉಪ್ಪು ಕರಗುತ್ತದೆ. ಅದರ ಮೇಲೆ ಹಾಕಿದ್ದು ತಳದಲ್ಲೇ ಕೂರುತ್ತದೆ. ಇನ್ನು ಕರಗದ ಈ ಹಂತದ ನೀರಿಗೆ ಸಂತೃಪ್ತ ದ್ರಾವಣ ಅನ್ನುತ್ತಾರೆ. ನಾವು ಹೊಟ್ಟೆ ತುಂಬಿದ ನೀರು ಅಂತ ಕರೆದೆವು.

ಲೆಕ್ಕ ಸುಲಭ. 50 ಗ್ರಾಂ ಉಪ್ಪಿಗೆ ಕಡೇ ಪಕ್ಷ 140 ಮಿ.ಲೀ. ನೀರು ಬೇಕು. ನಾವು 150 ಮಿ.ಲೀ. ತೆಗೆದುಕೊಂಡೆವು. ಒಂದು ಲೀಟರ್ ಹಾಕಿದರೆ ಉಪ್ಪು ಇನ್ನೂ ಬೇಗ ಕರಗುತ್ತಿತ್ತು ನಿಜ. ಆದರೆ ಹಾಕಿದ ನೀರನ್ನೆಲ್ಲ ಆಮೇಲೆ ಓಡಿಸಬೇಕಲ್ಲ! ಅದನ್ನು ಮರೆತು ನೀರು ಸುರಿಯುವುದೇ ಎಲ್ಲರೂ ಮಾಡುವ ತಪ್ಪು.

ಬಿಸಿನೀರಿನ ವಿಷಯದಲ್ಲಿ ಒಂದು ತಮಾಷೆ ಇದೆ. ಬಿಸಿನೀರಲ್ಲಿ ಎಲ್ಲವೂ ಜಾಸ್ತಿ ಕರಗುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ಸಕ್ಕರೆಯ ವಿಷಯದಲ್ಲಿ ಅದು ನಿಜ. ಪಾಕ ಮಾಡುವವರಿಗೆ ಗೊತ್ತು. ಉಪ್ಪು ಹಾಗಲ್ಲ. ಮಂಜುಗಡ್ಡೆಯಷ್ಟು ತಣ್ಣಗಿನ ನೀರಲ್ಲಿ 100 ಮಿ.ಲೀ.ಗೆ 35.7 ಗ್ರಾಂ ಕರಗಿದರೆ ಕುದಿಯುವ ನೀರಲ್ಲಿ ಸುಮಾರು 39 ಗ್ರಾಂ. ಹೆಚ್ಚು ಸಿಕ್ಕಿದ್ದು ಮೂರು ಗ್ರಾಮಿನ ಚಿಲ್ಲರೆ. ಬಿಸಿನೀರಿನಿಂದ ಕೆಲಸ ಬೇಗ ಆಗುತ್ತದೆ, ಜಾಸ್ತಿ ಆಗುವುದಿಲ್ಲ. ಉಗುರುಬೆಚ್ಚಗಿನ ನೀರು ಹಾಕಿ ಚಮಚದಲ್ಲಿ ಐದು ನಿಮಿಷ ತಿರುಗಿಸಿದರೆ ಸಾಕು.

ನೀರು ಯಾವುದು ಅನ್ನುವುದೂ ಮುಖ್ಯ. ಬೋರ್‌ವೆಲ್ ನೀರು ಗಡಸಾಗಿದ್ದರೆ ಅದರಲ್ಲಿ ಮೊದಲೇ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ಗೀಸರ್ ಕಾಯಿಲ್ ಮೇಲೆ, ನಲ್ಲಿ ಮೇಲೆ ಬಿಳಿ ಪದರ ಕಟ್ಟುವುದು ಅವೇ. ನೀರು ಆರಿದಾಗ ಅವೂ ನಮ್ಮ ಉಪ್ಪಿನ ಜೊತೆ ಸೇರಿಕೊಳ್ಳುತ್ತವೆ. ಹಾಗಾಗಿ ಫಿಲ್ಟರ್‌ನ ಕುಡಿಯುವ ನೀರನ್ನೇ ಬಳಸಿದೆವು.

ಬಸಿಯುವುದು, ಸೋಸುವುದು

ಉಪ್ಪು ಕರಗಿದ ಮೇಲೆ ಲೋಟವನ್ನು ಅಲುಗಿಸದೆ ಇಡಬೇಕು. ಮರಳು ಅರೆ ನಿಮಿಷದಲ್ಲಿ ತಳ ಸೇರುತ್ತದೆ. ಮೇಲಿನ ನೀರನ್ನು ಮೆಲ್ಲಗೆ ಬಗ್ಗಿಸಿಕೊಂಡರೆ ಅದು ಬಸಿಯುವುದು. ಅನ್ನದ ಗಂಜಿ ಬಸಿದ ಹಾಗೆಯೇ. ಕೊನೆಗೆ ಉಳಿದದ್ದನ್ನು ಬಟ್ಟೆಯ ಮೇಲೆ ಸುರಿದರೆ ಅದು ಸೋಸುವುದು. ತೂತಿಗಿಂತ ದಪ್ಪಗಿರುವುದು ಮೇಲೆ ನಿಲ್ಲುತ್ತದೆ, ಸಣ್ಣದು ಕೆಳಗೆ ಇಳಿಯುತ್ತದೆ.

ನೀವು ದಿನಾ ಬೆಳಿಗ್ಗೆ ಇದನ್ನೇ ಮಾಡುತ್ತೀರಿ. ಕಾಫಿಪುಡಿಯ ಮೇಲೆ ಬಿಸಿನೀರು ಹಾಕಿದಾಗ ಕರಗುವ ಅಂಶ ಡಿಕಾಕ್ಷನ್ ಆಗಿ ಕೆಳಗೆ ಇಳಿಯುತ್ತದೆ, ಕರಗದ ಚರಟ ಮೇಲೆ ಉಳಿಯುತ್ತದೆ. ಉಪ್ಪುನೀರು ಡಿಕಾಕ್ಷನ್, ಮರಳು ಚರಟ. ಹಾಗಂತ ಮನೆಯ ಕಾಫಿ ಫಿಲ್ಟರನ್ನೇ ತರಬೇಡಿ. ಅದರ ತೂತಿನಲ್ಲಿ ಸಣ್ಣ ಮರಳು ಸಿಕ್ಕಿಕೊಂಡರೆ ಮನೆಯವರ ಮಾತು ಕೇಳಬೇಕಾಗುತ್ತದೆ. ಹಳೆಯ ಕಾಟನ್ ಪಂಚೆಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಒದ್ದೆ ಮಾಡಿಕೊಂಡರೆ ಸಾಕು. ಮೊದಲೇ ಒದ್ದೆ ಮಾಡದಿದ್ದರೆ ಬಟ್ಟೆಯೇ ಉಪ್ಪುನೀರು ಕುಡಿಯುತ್ತದೆ.

ಮರಳು ಸೋಸಿದ ಹಾಗೆ ಉಪ್ಪನ್ನೂ ಸೋಸಿ ತೆಗೆಯಬಹುದಲ್ಲ ಅಂದಳು ಹುಡುಗಿ. ಆಗುವುದಿಲ್ಲ. ಕರಗಿದ ಉಪ್ಪಿನ ಕಣಗಳು ಹೆಚ್ಚುಕಡಿಮೆ ನೀರಿನ ಅಣುವಿನಷ್ಟೇ ಚಿಕ್ಕವು. ನೀರು ಹೋಗುವ ಬಟ್ಟೆಯ ತೂತಿನಲ್ಲಿ ಅವೂ ಹಾಯಾಗಿ ಹೋಗುತ್ತವೆ.

ಇಲ್ಲಿ ನಮಗೆ ಒಂದು ವಿಚಿತ್ರ ಕಂಡಿತು. ಮೊದಲ ಸಲ ಬಸಿದ ಉಪ್ಪುನೀರು ಅರ್ಧ ಗಂಟೆಯಲ್ಲಿ ತಿಳಿಯಾಯಿತು. ಮರಳನ್ನು ತೊಳೆಯಲು ಮತ್ತೆ ಸಿಹಿನೀರು ಹಾಕಿದೆವು. ಎರಡನೇ ನೀರು ಕೊಂಚ ಮಂಕು. ಮೂರು, ನಾಲ್ಕನೇ ನೀರು ಟೀ ಬಣ್ಣ! ಎಷ್ಟು ಹೊತ್ತು ಇಟ್ಟರೂ ತಿಳಿಯಾಗಲಿಲ್ಲ. ತೊಳೆದಷ್ಟೂ ಕೊಳೆ ಜಾಸ್ತಿ ಆಗುತ್ತಿದೆಯಲ್ಲ ಅಂತ ಅವಳಿಗೆ ಗಾಬರಿ.

ಕಾರಣ ಉಪ್ಪೇ. ಮರಳಿನ ಜೊತೆ ಬಂದಿರುವ ಜೇಡಿಮಣ್ಣಿನ ಕಣಗಳು ತೀರಾ ಸಣ್ಣ. ಅವುಗಳ ಮೈಮೇಲೆ ಮೈನಸ್ ಗುಣ ಇರುವುದರಿಂದ ಒಂದನ್ನೊಂದು ದೂರ ತಳ್ಳುತ್ತಾ ನೀರಲ್ಲೇ ತೇಲಾಡುತ್ತವೆ. ಉಪ್ಪುನೀರಲ್ಲಿ ಅಯಾನುಗಳು ಆ ತಳ್ಳಾಟವನ್ನು ಅಡಗಿಸುತ್ತವೆ. ಆಗ ಮಣ್ಣಿನ ಕಣಗಳು ಅಂಟಿಕೊಂಡು ಗುಂಪಾಗಿ ಕೆಳಗೆ ಕೂರುತ್ತವೆ. ತೊಳೆದು ತೊಳೆದು ಉಪ್ಪು ಕಡಿಮೆಯಾದ ಹಾಗೆ ಗುಂಪು ಒಡೆದು ಮಣ್ಣು ಮತ್ತೆ ಮೇಲೇಳುತ್ತದೆ. ನದಿಯ ಕೆಸರು ಸಮುದ್ರ ಸೇರುವ ಜಾಗದಲ್ಲಿ ತಳಕ್ಕಿಳಿಯಲು ಇದೂ ಒಂದು ಕಾರಣ. ಮನೆ ಕಟ್ಟುವ ಕಡೆ ಮರಳಲ್ಲಿ ಎಷ್ಟು ಮಣ್ಣಿದೆ ಅಂತ ಗಾಜಿನ ಜಾಡಿಯಲ್ಲಿ ನೋಡುವಾಗ ನೀರಿಗೆ ಚೂರು ಉಪ್ಪು ಹಾಕುವುದೂ ಇದಕ್ಕೇ. ಮಣ್ಣು ಬೇಗ ಕೂತು ಪದರ ಸ್ಪಷ್ಟವಾಗಿ ಕಾಣುತ್ತದೆ.

ಗೊತ್ತಾದ ಮೇಲೆ ಪರಿಹಾರ ಸುಲಭವಾಯಿತು. ಮಂಕಾದ ನೀರನ್ನೆಲ್ಲ ಮೊದಲಿನ ಗಟ್ಟಿ ಉಪ್ಪುನೀರಿಗೇ ಸೇರಿಸಿ ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ ತಳದಲ್ಲಿ ಕೆನೆಯಂಥ ತೆಳು ಕಂದು ಪದರ, ಮೇಲೆ ಕನ್ನಡಿಯಂಥ ನೀರು.

ಮೂರು ನೀರಲ್ಲಿ ಜಾಲಿಸುವ ಲೆಕ್ಕ

ಮರಳನ್ನು ಯಾಕೆ ಮತ್ತೆ ಮತ್ತೆ ತೊಳೆಯಬೇಕು? ನೀರು ಬಸಿದ ಮೇಲೂ ಕಾಳುಗಳ ಸಂದಿಯಲ್ಲಿ ಒಂದಿಷ್ಟು ಉಪ್ಪುನೀರು ಉಳಿದಿರುತ್ತದೆ. 15 ಮಿ.ಲೀ. ಉಳಿದಿದೆ ಅಂದುಕೊಳ್ಳಿ. ನಮ್ಮ ದ್ರಾವಣದ ಪ್ರತಿ ಮಿ.ಲೀ.ನಲ್ಲಿ ಸುಮಾರು 0.3 ಗ್ರಾಂ ಉಪ್ಪಿದೆ. ಹಾಗಾದರೆ ಮರಳಲ್ಲಿ ಇನ್ನೂ 4.5 ಗ್ರಾಂ ಉಪ್ಪು ಅಡಗಿದೆ. ಹಾಗೇ ಒಣಗಿಸಿದರೆ ಅಷ್ಟೂ ಮರಳಿಗೇ ಅಂಟಿಕೊಳ್ಳುತ್ತದೆ.

ತೊಳೆಯಲು 90 ಮಿ.ಲೀ. ನೀರು ಇದೆ ಅಂದುಕೊಳ್ಳೋಣ. ಎಲ್ಲವನ್ನೂ ಒಂದೇ ಸಲ ಹಾಕಿದರೆ 15 ಮಿ.ಲೀ. ಹೋಗಿ 105 ಆಗುತ್ತದೆ. ಬಸಿದ ಮೇಲೆ ಉಳಿಯುವುದು ಮತ್ತೆ 15, ಅಂದರೆ ಏಳರಲ್ಲಿ ಒಂದು ಪಾಲು. ಉಪ್ಪು 4.5ರಿಂದ ಸುಮಾರು 0.64 ಗ್ರಾಂಗೆ ಇಳಿಯಿತು.

ಅದೇ ನೀರನ್ನು 30, 30, 30 ಅಂತ ಮೂರು ಸಲ ಹಾಕಿದರೆ? ಪ್ರತಿ ಸಲವೂ ಉಪ್ಪು ಮೂರರಲ್ಲಿ ಒಂದು ಪಾಲಾಗುತ್ತದೆ. 4.5 ಇದ್ದದ್ದು 1.5, ಆಮೇಲೆ 0.5, ಕೊನೆಗೆ 0.17 ಗ್ರಾಂ. ನೀರು ಅಷ್ಟೇ, ಉಳಿದ ಉಪ್ಪು ಕಾಲು ಭಾಗದಷ್ಟು ಮಾತ್ರ.

ಒಗೆದ ಬಟ್ಟೆಯನ್ನು ಒಂದು ಟಬ್ ನೀರಲ್ಲಿ ಒಮ್ಮೆ ಅದ್ದುವ ಬದಲು ಸ್ವಲ್ಪ ಸ್ವಲ್ಪ ನೀರಲ್ಲಿ ಎರಡು ಮೂರು ಸಲ ಜಾಲಿಸಿ ಹಿಂಡುತ್ತಾರಲ್ಲ, ಅದರ ಹಿಂದೆ ಇದೇ ಲೆಕ್ಕ ಇದೆ. ನಮ್ಮ ಅಮ್ಮಂದಿರು ಭಿನ್ನರಾಶಿ ಹಾಕದೆಯೇ ಇದನ್ನು ಕಂಡುಕೊಂಡಿದ್ದರು.

ಸಾಕಷ್ಟು ತೊಳೆದೆವಾ ಅಂತ ನೋಡಲು ಒಂದು ಉಪಾಯ. ಕೊನೆಯ ನೀರಿನ ಒಂದು ಹನಿಯನ್ನು ಸ್ಟೀಲ್ ಚಮಚದ ಮೇಲೆ ಹಾಕಿ ಆರಲು ಬಿಡಿ. ಪಕ್ಕದಲ್ಲೇ ಇನ್ನೊಂದು ಚಮಚದಲ್ಲಿ ನೀವು ಬಳಸಿದ ಕುಡಿಯುವ ನೀರಿನ ಹನಿ ಹಾಕಿ. ಎರಡರ ಕಲೆಯೂ ಒಂದೇ ಥರ ಇದ್ದರೆ ಉಪ್ಪು ಹೋಗಿದೆ. ಮೊದಲನೆಯದರಲ್ಲಿ ಬಿಳಿ ಉಂಗುರ ದಪ್ಪಗೆ ಕಂಡರೆ ಇನ್ನೊಂದು ಸಲ ತೊಳೆಯಿರಿ. ನಾಲಿಗೆಗೆ ಇಟ್ಟು ನೋಡಬೇಡಿ. ಆ ಮರಳು ಎಲ್ಲಿಂದ ಬಂದಿದ್ದೋ ಯಾರಿಗೆ ಗೊತ್ತು.

ನೀರನ್ನು ಓಡಿಸುವುದು

ಈಗ ಮರಳು ಒಂದು ಕಡೆ, ಉಪ್ಪು ನೀರಲ್ಲಿ. ನೀರಿನ ಅಣು ಆವಿಯಾಗಿ ಹಾರುತ್ತದೆ. ಉಪ್ಪಿಗೆ ಹಾರಲು ಬರುವುದಿಲ್ಲ. ನೀರು ಕಡಿಮೆಯಾದ ಹಾಗೆ ಮಕ್ಕಳನ್ನು ಎತ್ತಿಕೊಂಡವರೂ ಕಡಿಮೆಯಾಗುತ್ತಾರೆ. ಕೆಳಗಿಳಿದ ಮಕ್ಕಳು ಮತ್ತೆ ಕೈಕೈ ಹಿಡಿದು ಸಾಲು ಕಟ್ಟುತ್ತಾರೆ. ಅದೇ ಹರಳು.

ಒಲೆ ಮೇಲೆ ಇಟ್ಟರೆ ನೀರು ಬೇಗ ಕುದಿಯುತ್ತದೆ, ಆದರೆ ಬತ್ತಲು ಹೊತ್ತು ಹಿಡಿಯುತ್ತದೆ. ಒಂದು ಕೆ.ಜಿ. ನೀರನ್ನು 25ರಿಂದ 100 ಡಿಗ್ರಿಗೆ ಏರಿಸಲು ಸುಮಾರು 315 ಕಿಲೋಜೌಲ್ ಶಾಖ ಸಾಕು. ಅದೇ ನೀರನ್ನು ಪೂರಾ ಆವಿ ಮಾಡಲು ಇನ್ನೂ ಸುಮಾರು 2,260 ಕಿಲೋಜೌಲ್ ಬೇಕು. ಕುದಿಸುವುದಕ್ಕಿಂತ ಬತ್ತಿಸುವುದು ಏಳು ಪಟ್ಟು ದುಬಾರಿ. ಕಡಿಮೆ ನೀರು ಹಾಕಿ ಅಂತ ಮೊದಲೇ ಹೇಳಿದ್ದು ಇದಕ್ಕೇ.

ಬತ್ತುವ ಕೊನೆಯಲ್ಲಿ ಹುಷಾರು ಬೇಕು. ಹರಳು ಕಟ್ಟಿ ಪದರವಾದಾಗ ಅದರ ಅಡಿಯಲ್ಲಿ ಆವಿ ಸಿಕ್ಕಿಕೊಂಡು ಪಟಪಟ ಸಿಡಿಯುತ್ತದೆ. ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ. ನಾನು ಬಗ್ಗಿ ನೋಡುತ್ತಿದ್ದೆ, ಬನಿಯನ್ ಮೇಲೆಲ್ಲ ಬಿಳಿ ಚುಕ್ಕಿ. ಪುಣ್ಯಕ್ಕೆ ಕಣ್ಣಿಗೆ ಬೀಳಲಿಲ್ಲ. ಒದ್ದೆ ಉಪ್ಪಿಟ್ಟಿನ ಹದಕ್ಕೆ ಬಂದ ಕೂಡಲೇ ಉರಿ ಆರಿಸಿಬಿಡಿ. ಉಳಿದದ್ದು ಪಾತ್ರೆಯ ಬಿಸಿಗೆ, ಬಿಸಿಲಿಗೆ ಆರುತ್ತದೆ. ಈ ಹಂತದಲ್ಲಿ ಮಕ್ಕಳನ್ನು ಒಲೆ ಹತ್ತಿರ ಬಿಡಬೇಡಿ. ಕಬ್ಬಿಣದ ಬಾಣಲೆ, ಅಲ್ಯುಮಿನಿಯಂ ಪಾತ್ರೆ ಬೇಡ, ಉಪ್ಪು ಅವನ್ನು ತಿನ್ನುತ್ತದೆ. ಸ್ಟೀಲ್ ಆಗಬಹುದು, ಕೆಲಸ ಮುಗಿದ ಮೇಲೆ ತಕ್ಷಣ ತೊಳೆದಿಡಿ.

ನಾವು ಒಂದು ಚಿಕ್ಕ ಪಾಲನ್ನು ಪಿಂಗಾಣಿ ತಟ್ಟೆಗೆ ಹಾಕಿ, ಮೇಲೆ ತೆಳು ಬಟ್ಟೆ ಕಟ್ಟಿ ಬಿಸಿಲಿಗೂ ಇಟ್ಟಿದ್ದೆವು. ಒಲೆಯ ಉಪ್ಪು ಬೂದಿಯಂಥ ಪುಡಿ. ಬಿಸಿಲಿನ ಉಪ್ಪಿನಲ್ಲಿ ಕಣ್ಣಿಗೆ ಕಾಣುವ ಪುಟ್ಟ ಪುಟ್ಟ ಚೌಕಗಳು. ನಿಧಾನಕ್ಕೆ ಆರಿದರೆ ಕಣಗಳಿಗೆ ಸಾಲಾಗಿ ಕೂರಲು ಪುರುಸೊತ್ತು ಸಿಗುತ್ತದೆ, ಹರಳು ದೊಡ್ಡದಾಗುತ್ತದೆ. ತಟ್ಟೆಯ ಅಂಚು ಹತ್ತಿ ಹೊರಗೂ ಸ್ವಲ್ಪ ಉಪ್ಪು ಇಳಿದಿತ್ತು. ಯಾರೂ ಚೆಲ್ಲಿದ್ದಲ್ಲ. ಅಂಚಿನಲ್ಲಿ ಕಟ್ಟಿದ ಹರಳಿನ ಸಂದಿಯಲ್ಲಿ ನೀರು ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ಏರಿ, ಅಲ್ಲಿ ಆರಿ, ಮತ್ತೆ ಏರುತ್ತದೆ.

ಇದೇ ಕೆಲಸ, ಗದ್ದೆಯಷ್ಟು ಅಗಲದಲ್ಲಿ

ಉತ್ತರ ಕನ್ನಡದ ಗೋಕರ್ಣದ ಹತ್ತಿರ ಸಾಣಿಕಟ್ಟೆ ಇದೆ. ಅಘನಾಶಿನಿ ನದಿ ಸಮುದ್ರ ಸೇರುವ ಜಾಗದ ಪಕ್ಕ. ಅಲ್ಲಿನ ಉಪ್ಪಿನ ಆಗರಗಳಲ್ಲಿ ಭರತ ಬಂದಾಗ ಉಪ್ಪುನೀರನ್ನು ಒಳಗೆ ಬಿಟ್ಟುಕೊಂಡು, ಒಂದು ಪಾತಿಯಿಂದ ಇನ್ನೊಂದಕ್ಕೆ ಹಾಯಿಸುತ್ತಾ ಬಿಸಿಲಿಗೆ ಗಟ್ಟಿ ಮಾಡುತ್ತಾರೆ. ಕೊನೆಯ ಪಾತಿಯಲ್ಲಿ ಹರಳು ಕಟ್ಟುತ್ತದೆ. ಮಳೆ ಹಿಡಿಯುವ ತನಕ ಕೆಲಸ.

ಸಮುದ್ರದ ಒಂದು ಲೀಟರ್ ನೀರಲ್ಲಿ ಇರುವುದು ಸುಮಾರು 35 ಗ್ರಾಂ ಲವಣ. ಹತ್ತರಲ್ಲಿ ಒಂಬತ್ತು ಪಾಲು ನೀರು ಆರಿದ ಮೇಲಷ್ಟೇ ಅಡುಗೆ ಉಪ್ಪು ಕಟ್ಟಲು ಶುರು. ಅದಕ್ಕೂ ಮೊದಲು ಸುಣ್ಣದ ಅಂಶ, ಜಿಪ್ಸಂ ಕೂರುತ್ತವೆ. ಉಪ್ಪು ಕಟ್ಟಿದ ಮೇಲೆ ಉಳಿಯುವ ಕಹಿ ನೀರಲ್ಲಿ ಮೆಗ್ನೀಸಿಯಂ ಲವಣಗಳು. ಪಾತಿ ಪಾತಿಯಾಗಿ ಹಾಯಿಸುವುದರಿಂದ ಇವು ತಾವಾಗಿಯೇ ಬೇರೆಯಾಗುತ್ತವೆ. ಕಲ್ಲುಪ್ಪಿನಲ್ಲಿ ಮೆಗ್ನೀಸಿಯಂ ಚೂರು ಉಳಿದರೆ ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರು ಬಿಡುವುದು ಅದಕ್ಕೇ.

ನಮ್ಮ ಡಬ್ಬಿಯ ಲೆಕ್ಕಕ್ಕೆ ಇನ್ನೂ ಹತ್ತಿರದ ಉದಾಹರಣೆ ಬಯಲುಸೀಮೆಯದು. ಸಮುದ್ರದಿಂದ ದೂರದ ಊರುಗಳಲ್ಲಿ ಚೌಳು ಮಣ್ಣಿನಿಂದಲೇ ಉಪ್ಪು ತೆಗೆಯುತ್ತಿದ್ದರು. ಬೇಸಿಗೆಯಲ್ಲಿ ಬಿಳಿ ಪದರ ಕಟ್ಟಿದ ಮಣ್ಣನ್ನು ಕೆರೆದು ತಂದು, ಗುಂಡಿಗೆ ತುಂಬಿ, ಮೇಲಿನಿಂದ ನೀರು ಹಾಯಿಸುವುದು. ಕೆಳಗೆ ಇಳಿದ ಉಪ್ಪುನೀರನ್ನು ಬಿಸಿಲಿಗೆ ಆರಿಸುವುದು. ಕರಗಿಸು, ಸೋಸು, ಆರಿಸು, ಅದೇ ಮೂರು ಹೆಜ್ಜೆ. ಉಪ್ಪಾರ ಸಮುದಾಯದ ಹೆಸರು ಬಂದಿರುವುದು ಈ ಕಸುಬಿನಿಂದ.

1930ರ ಏಪ್ರಿಲ್ 6ರಂದು ಗಾಂಧೀಜಿ ದಂಡಿಯಲ್ಲಿ ಎತ್ತಿದ್ದೂ ಮಣ್ಣು ಬೆರೆತ ಉಪ್ಪೇ. ಅದೇ ತಿಂಗಳು ನಮ್ಮ ಅಂಕೋಲೆಯಲ್ಲೂ ಜನ ಕಾನೂನು ಮುರಿದು ಉಪ್ಪು ಮಾಡಿದರು.

ಇನ್ನು ಉಪ್ಪು ಬೇಡ, ಮರಳಷ್ಟೇ ಬೇಕು ಅನ್ನುವವರೂ ಇದ್ದಾರೆ. ಸಮುದ್ರದ ಮರಳನ್ನು ಹಾಗೇ ಕಾಂಕ್ರೀಟಿಗೆ ಹಾಕಿದರೆ ಅದರಲ್ಲಿನ ಕ್ಲೋರೈಡ್ ಒಳಗಿನ ಕಬ್ಬಿಣದ ಕಂಬಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಕಂಬಿ ಉಬ್ಬಿ ಕಾಂಕ್ರೀಟ್ ಬಿರುಕು ಬಿಡುತ್ತದೆ. ಬಳಸಲೇಬೇಕೆಂದರೆ ಸಿಹಿನೀರಲ್ಲಿ ಚೆನ್ನಾಗಿ ತೊಳೆದು, ಕ್ಲೋರೈಡ್ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಬೇಕು.

ಆ ಉಪ್ಪನ್ನು ಸಾರಿಗೆ ಹಾಕಬಹುದೇ?

ಬೇಡ. ಈ ವಿಧಾನ ಕರಗದ ಮರಳನ್ನು ಮಾತ್ರ ತೆಗೆಯುತ್ತದೆ. ಮರಳಿನ ಜೊತೆ ನೀರಲ್ಲಿ ಕರಗುವ ಬೇರೆ ಏನಾದರೂ ಇದ್ದರೆ, ಗೊಬ್ಬರವೋ ಇನ್ನೇನೋ, ಅದು ಉಪ್ಪಿನ ಜೊತೆಯೇ ಬಂದು ಕೂರುತ್ತದೆ. ನೋಡಲು ಬೆಳ್ಳಗಿದ್ದರೆ ಶುದ್ಧ ಅಂತ ಅಲ್ಲ.

ಪ್ಯಾಕೆಟ್ ಉಪ್ಪಿನ ಬಗ್ಗೆ ಒಂದು ಮಾತು. ಅದನ್ನು ನೀರಿಗೆ ಹಾಕಿದಾಗ ಕೆಲವೊಮ್ಮೆ ನೀರು ತೆಳ್ಳಗೆ ಹಾಲಿನ ಹಾಗೆ ಆಗುತ್ತದೆ. ಉಪ್ಪು ಗಂಟು ಕಟ್ಟದಿರಲೆಂದು ಸೇರಿಸುವ ಕರಗದ ಪುಡಿ ಅದು. ಕೆಲವು ಪ್ಯಾಕೆಟ್ಟುಗಳ ಹಿಂದೆ 551 ಎಂಬ ನಂಬರ್ ಕಾಣುತ್ತದೆ. ಅದು ಸಿಲಿಕಾನ್ ಡೈಆಕ್ಸೈಡ್. ಮರಳೂ ರಾಸಾಯನಿಕವಾಗಿ ಅದೇ ವಸ್ತು! ಗಾಬರಿ ಬೇಡ, ಇದು ತೀರಾ ನುಣುಪಾಗಿ ತಯಾರಿಸಿದ್ದು, ಆಹಾರದಲ್ಲಿ ಮಿತಿಯಲ್ಲಿ ಬಳಸಲು ಒಪ್ಪಿಗೆ ಇದೆ. ಉಪ್ಪು ಮರಳು ಬೇರೆ ಮಾಡಲು ಕೂತ ಹುಡುಗಿಗೆ ಈ ವಿಷಯ ಹೇಳಿದಾಗ ಅವಳು ನನ್ನನ್ನು ನೋಡಿದ ನೋಟ ಮಾತ್ರ ಮರೆಯುವ ಹಾಗಿಲ್ಲ.

ತೂಕ

ಭಾನುವಾರ ಸಂಜೆ ಅಡುಗೆಮನೆಯ ತಕ್ಕಡಿ ಬಂತು. ಉಪ್ಪು 48 ಗ್ರಾಂ. ಮರಳು 53. ಎರಡೂ ಸೇರಿ 101.

"ಒಂದು ಗ್ರಾಂ ಲಾಭ ಚಿಕ್ಕಪ್ಪಾ!"

ಕೊಟ್ಟದ್ದೇ 100 ಗ್ರಾಂ. ಜಾಸ್ತಿ ಬರಲು ಸಾಧ್ಯವಿಲ್ಲ. ಮುಟ್ಟಿ ನೋಡಿದರೆ ಮರಳು ಒಣಗಿದ ಹಾಗಿತ್ತು, ಆದರೆ ಮುಷ್ಟಿ ಕಟ್ಟಿದರೆ ಉಂಡೆ ನಿಲ್ಲುತ್ತಿತ್ತು. ಒಳಗೆ ಇನ್ನೂ ನೀರಿತ್ತು. ಹಳೆ ತವಾ ಮೇಲೆ ಸಣ್ಣ ಉರಿಯಲ್ಲಿ ಕೈಯಾಡಿಸಿ, ಆರಿಸಿ ತೂಗಿದೆವು. 49. ಸ್ವಲ್ಪ ಬಿಟ್ಟು ಮತ್ತೆ ಬಿಸಿ ಮಾಡಿ ತೂಗಿದೆವು. 49. ತೂಕ ಇನ್ನು ಇಳಿಯುತ್ತಿಲ್ಲ ಅಂದರೆ ನೀರು ಮುಗಿದಿದೆ.

ಈಗ ಒಟ್ಟು 97. ಮೂರು ಗ್ರಾಂ ಎಲ್ಲಿ? ಅವಳು ನೋಟ್‌ಬುಕ್ಕಿನಲ್ಲಿ ಹೀಗೆ ಬರೆದುಕೊಂಡು ಹೋದಳು: "ಸಿಗದೆ ಇದ್ದದ್ದು 3 ಗ್ರಾಂ. ಇರುವ ಜಾಗ: ಸೋಸಿದ ಬಟ್ಟೆ, ತಳದ ಜೇಡಿಮಣ್ಣು, ಸ್ಟೌವ್, ಚಿಕ್ಕಪ್ಪನ ಬನಿಯನ್."